0-0-1: ರಾತ್ರಿ ಒಂದು ಪುಟ

ನಮ್ಮ ಕಸುಬಿನಲ್ಲಿ ಕೈಬರಹಕ್ಕೆ ಒಳ್ಳೆ ಹೆಸರಿಲ್ಲ. ಶಿವಮೊಗ್ಗದ ದುರ್ಗಿಗುಡಿ ಕಡೆ ನನ್ನದೊಂದು ಮೆಡಿಕಲ್ ಶಾಪು ಇದೆ. ಬೆಳಗ್ಗೆಯಿಂದ ರಾತ್ರಿವರೆಗೆ ಡಾಕ್ಟರ ಚೀಟಿ ಓದುವುದೇ ಕೆಲಸ. ಓದುವುದು ಅಂದರೆ ಅರ್ಧ ಕಣ್ಣು, ಅರ್ಧ ಅನುಭವ. ಮೊದಲ ಅಕ್ಷರ, ಪಕ್ಕದ ಮಿಲಿಗ್ರಾಂ, ಬರೆದವರು ಯಾವ ಡಾಕ್ಟರು, ಎದುರಿಗೆ ನಿಂತವರಿಗೆ ಏನು ಕಾಯಿಲೆ ಇರಬಹುದು, ಇಷ್ಟೂ ಕೂಡಿದಾಗ ಮಾತ್ರೆಯ ಹೆಸರು ಹೊಳೆಯುತ್ತದೆ. ಹೊಳೆಯದಿದ್ದರೆ ಫೋನು ಮಾಡಿ ಕೇಳಬೇಕು. 2016ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಒಂದು ನಿಯಮ ತಂದಿತು. ಔಷಧಿಯ ಜೆನೆರಿಕ್ ಹೆಸರನ್ನು, ಅಂದರೆ ಕಂಪನಿಯ ಬ್ರಾಂಡ್ ಅಲ್ಲದ ಮೂಲ ಹೆಸರನ್ನು, ಓದಲು ಬರುವಂತೆ, ಆದಷ್ಟು ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಬರೆಯಬೇಕು ಅಂತ. ಆಮೇಲೆ ಸ್ವಲ್ಪ ವಾಸಿ. ಈಗೀಗ ಪ್ರಿಂಟ್ ಆದ ಚೀಟಿಗಳೂ ಬರುತ್ತವೆ. ಅವನ್ನು ಕಂಡಾಗಲೆಲ್ಲ ಕೈಬರಹ ಈ ಲೋಕದಿಂದ ಪೂರ್ತಿ ಹೋದರೂ ಪರವಾಗಿಲ್ಲ ಅನ್ನಿಸುತ್ತಿತ್ತು.

ಅಂಥವನು ಈಗ ಕೈಬರಹದ ಪರವಾಗಿ ಬರೆಯಲು ಕೂತಿದ್ದೇನೆ. ಅದೂ ಕಾಗದದ ಮೇಲೆ. ಟೈಪ್ ಮಾಡುವುದು ಆಮೇಲೆ.

ಶುರುವಾಗಿದ್ದು ಒಂದು ರಿಜಿಸ್ಟರಿನಿಂದ. ಮೆಡಿಕಲ್ ಶಾಪು ಇಟ್ಟವರಿಗೆಲ್ಲ ಇದು ಗೊತ್ತು. ಷೆಡ್ಯೂಲ್ ಎಚ್1 ಅಂತ ಒಂದು ಪಟ್ಟಿ ಇದೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಕೆಲವು ಆಂಟಿಬಯಾಟಿಕ್‌ಗಳು, ಕ್ಷಯದ ಔಷಧಿಗಳು, ಜೊತೆಗೆ ಚಟ ಹಿಡಿಸಬಹುದಾದ ಕೆಲವು ಮಾತ್ರೆಗಳು ಅದರಲ್ಲಿವೆ. ನಿದ್ದೆಗೆ, ಆತಂಕಕ್ಕೆ ಕೊಡುವ ಅಲ್‌ಪ್ರಜೋಲಮ್ ಕೂಡ ಇದೆ. ಇವನ್ನು ಕೊಟ್ಟಾಗ ಬೇರೆಯೇ ಒಂದು ರಿಜಿಸ್ಟರಿನಲ್ಲಿ ಬರೆಯಬೇಕು. ರೋಗಿಯ ಹೆಸರು, ಚೀಟಿ ಕೊಟ್ಟ ಡಾಕ್ಟರ ಹೆಸರು ವಿಳಾಸ, ಔಷಧಿ, ಎಷ್ಟು ಕೊಟ್ಟೆ ಅನ್ನುವುದು. ಮೂರು ವರ್ಷ ಅದನ್ನು ಜೋಪಾನ ಮಾಡಬೇಕು. ನಮ್ಮ ಅಂಗಡಿಯಲ್ಲಿ ಅದು ರಟ್ಟಿನ ಬೈಂಡಿನ ಉದ್ದನೆಯ ಪುಸ್ತಕ. ಕಾಲಂ ಗೆರೆಗಳನ್ನು ನಾನೇ ಸ್ಕೇಲಿಟ್ಟು ಎಳೆಯುತ್ತೇನೆ. ಪೆನ್ನನ್ನು ಗಿರಾಕಿಗಳು ಜೇಬಿಗಿಳಿಸದಂತೆ ದಾರ ಕಟ್ಟಿದ್ದೇನೆ.

ಅದೇ ಹೆಸರುಗಳನ್ನು ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲೂ ಹಾಕುತ್ತೇನೆ. ಮೊದಲ ಮೂರು ಅಕ್ಷರ ಒತ್ತಿದರೆ ಉಳಿದದ್ದು ಅದೇ ತುಂಬಿಕೊಳ್ಳುತ್ತದೆ. ಆ ಹೆಸರು ಕಣ್ಣ ಮುಂದೆ ಹಾದುಹೋಗುತ್ತದೆ, ಅಷ್ಟೇ. ರಿಜಿಸ್ಟರಿನಲ್ಲಿ ಹಾಗಾಗುವುದಿಲ್ಲ. ಹೆಸರನ್ನು ಪೂರ್ತಿ ಬರೆಯಬೇಕು. ಬರೆಯುವಾಗ ಆ ಮನುಷ್ಯ ನೆನಪಾಗುತ್ತಾನೆ. ರಿಟೈರ್ ಆದ ಮೇಷ್ಟ್ರು, ರಾತ್ರಿ ಬಸ್ಸಿನ ಡ್ರೈವರ್, ಪರೀಕ್ಷೆಗೆ ಓದುತ್ತಿರುವ ಹುಡುಗಿಯ ಅಮ್ಮ, ಅಡಿಕೆ ಮಂಡಿಯ ಗುಮಾಸ್ತ. ಒಂದು ದಿನ ಪುಟದ ಕೊನೆಗೆ ಬಂದು ಮೇಲಿನಿಂದ ಕೆಳಗೆ ಕಣ್ಣಾಡಿಸಿದೆ. ಊರಲ್ಲಿ ನಿದ್ದೆ ಬಾರದವರ ಮತದಾರರ ಪಟ್ಟಿ ನನ್ನ ಕೈಯಲ್ಲೇ ಇತ್ತು. ನನ್ನ ಹೆಸರು ಅದರಲ್ಲಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಯಾಕಂದರೆ ಆಗ ನನಗೂ ನಿದ್ದೆ ಇರಲಿಲ್ಲ. ಹನ್ನೊಂದಕ್ಕೆ ಮಲಗಿ ಎರಡಕ್ಕೆ ಏಳುತ್ತಿದ್ದೆ. ಎದ್ದ ಮೇಲೆ ಲೆಕ್ಕ ಶುರು. ಜಿಎಸ್‌ಟಿ ರಿಟರ್ನ್ ಕಟ್ಟಿದೆನಾ? ಎಕ್ಸ್‌ಪೈರಿ ಮಾಲು ಸ್ಟಾಕಿಸ್ಟಿಗೆ ವಾಪಸ್ ಕಳಿಸಿದೆನಾ? ಅಮ್ಮನ ಬಿಪಿ ಯಾಕೆ ಏರಿದೆ? ಮಳೆಗಾಲದಲ್ಲಂತೂ ಇನ್ನೊಂದು. ಮಲೆನಾಡಿನ ಕರೆಂಟಿನ ಬಗ್ಗೆ ಹೇಳಬೇಕಾಗಿಲ್ಲ ಅಲ್ವಾ? ರಾತ್ರಿ ಫ್ಯಾನ್ ನಿಂತ ತಕ್ಷಣ ಎಚ್ಚರ. ಅಂಗಡಿಯ ಫ್ರಿಜ್ಜಿನಲ್ಲಿ ಇನ್ಸುಲಿನ್ ಇದೆ. ಅದು 2ರಿಂದ 8 ಡಿಗ್ರಿಯೊಳಗೆ ಇರಬೇಕು. ಇನ್ವರ್ಟರ್ ಇದೆ ಅಂತ ಗೊತ್ತು. ಸಂಜೆ ನಾನೇ ನೋಡಿ ಬಂದಿದ್ದೇನೆ ಅಂತಲೂ ಗೊತ್ತು. ಗೊತ್ತಿರುವುದಕ್ಕೂ ಎರಡು ಗಂಟೆ ರಾತ್ರಿಗೂ ಸಂಬಂಧವೇ ಇಲ್ಲ.

ಮಾತ್ರೆ ನನ್ನ ಕೈಗೆಟಕುವ ಶೆಲ್ಫಿನಲ್ಲೇ ಇತ್ತು. ಅದಕ್ಕೇ ಹೆದರಿಕೆ. ಪರಿಚಯದ ಮನೋವೈದ್ಯರೊಬ್ಬರ ಹತ್ತಿರ ಹೋದೆ. ಅವರು ಥೈರಾಯ್ಡು, ಶುಗರ್ರು, ಬಿಪಿ ಎಲ್ಲ ನೋಡಿಸಿ, ಸಂಜೆ ಐದರ ಮೇಲಿನ ಕಾಫಿ ಬಿಡಿಸಿ, ಕೊನೆಗೆ ಒಂದು ಚೀಟಿ ಕೊಟ್ಟರು. ಅದರಲ್ಲಿ ಮಾತ್ರೆ ಇರಲಿಲ್ಲ. 'ನಾಳೆಯ ಕೆಲಸದ ಪಟ್ಟಿ, ಪೆನ್ನಲ್ಲಿ, 5 ನಿಮಿಷ, 0-0-1' ಅಂತ ಇತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. 1-0-1 ಅಂದರೆ ಬೆಳಗ್ಗೆ ಒಂದು, ರಾತ್ರಿ ಒಂದು. 0-0-1 ಅಂದರೆ ರಾತ್ರಿ ಮಾತ್ರ. ಅವರ ಅಕ್ಷರವೂ ಓದಲು ಬರುವಂತಿರಲಿಲ್ಲ ಅನ್ನುವುದು ಬೇರೆ ಮಾತು.

ನಾನು ಔಷಧಿ ಮಾರುವವನು. ಯಾರೇ ಏನೇ ಕೊಟ್ಟರೂ ಇದಕ್ಕೆ ಪುರಾವೆ ಏನು ಅಂತ ಕೇಳುವುದು ರೂಢಿ. ಹುಡುಕಿದೆ. ಸಿಕ್ಕಿತು. ಅಮೆರಿಕದ ಟೆಕ್ಸಾಸ್‌ನಲ್ಲಿ ಬೇಲರ್ ವಿಶ್ವವಿದ್ಯಾಲಯ ಅಂತ ಇದೆ. ಅಲ್ಲಿ ಮೈಕೆಲ್ ಸ್ಕಲಿನ್ ಮತ್ತು ಜೊತೆಗಾರರು ಮಾಡಿದ ಪ್ರಯೋಗ 2018ರಲ್ಲಿ ಪ್ರಕಟವಾಗಿದೆ. 57 ಜನ ಯುವಕ ಯುವತಿಯರನ್ನು ನಿದ್ದೆಯ ಲ್ಯಾಬಿನಲ್ಲಿ ಮಲಗಿಸಿದರು. ಮಲಗುವ ಮುಂಚೆ ಐದು ನಿಮಿಷ ಬರೆಯಬೇಕು. ಅರ್ಧ ಜನ ಮುಂದಿನ ದಿನಗಳಲ್ಲಿ ಮಾಡಬೇಕಾದ ಕೆಲಸಗಳನ್ನು ಬರೆದರು. ಉಳಿದವರು ಮಾಡಿ ಮುಗಿಸಿದ ಕೆಲಸಗಳನ್ನು ಬರೆದರು. ನಿದ್ದೆಯನ್ನು ಅವರ ಬಾಯಿಮಾತಿನಿಂದ ಅಳೆಯಲಿಲ್ಲ. ತಲೆಗೆ ತಂತಿ ಹಚ್ಚಿ ಯಂತ್ರದಲ್ಲಿ ಅಳೆದರು. ಮಾಡಬೇಕಾದ್ದನ್ನು ಬರೆದವರು ಸುಮಾರು 9 ನಿಮಿಷ ಬೇಗ ನಿದ್ದೆ ಹೋದರು.

ನನಗೆ ಉಲ್ಟಾ ಆಗುತ್ತದೆ ಅನ್ನಿಸಿತ್ತು. ಬಾಕಿ ಕೆಲಸ ನೆನಪಿಸಿಕೊಂಡರೆ ತಲೆಬಿಸಿ ಜಾಸ್ತಿ ಆಗಬೇಕಲ್ಲ? ಮುಗಿದದ್ದನ್ನು ಬರೆದರೆ ಸಮಾಧಾನ ಆಗಬೇಕಲ್ಲ? ಆದರೆ ಹಾಗಲ್ಲವಂತೆ. ಅದರಲ್ಲೂ ಪಟ್ಟಿ ಎಷ್ಟು ಬಿಡಿಬಿಡಿಯಾಗಿ, ಎಷ್ಟು ಖಚಿತವಾಗಿ ಇತ್ತೋ ಅಷ್ಟು ಬೇಗ ನಿದ್ದೆ ಬಂದಿತ್ತು. ನನ್ನ ನೋಟ್‌ಬುಕ್ಕಿನಲ್ಲೂ ಅದೇ ಕಂಡಿತು. 'ಸ್ಟಾಕ್ ನೋಡಬೇಕು' ಅಂತ ಬರೆದ ರಾತ್ರಿ ಸ್ಟಾಕು ಕನಸಿನಲ್ಲೂ ಬರುತ್ತದೆ. 'ಫ್ರಿಜ್ಜಿನ ಥರ್ಮಾಮೀಟರ್‌ಗೆ ಬ್ಯಾಟರಿ, ನೆಹರೂ ರೋಡಿನಲ್ಲಿ ತರುವುದು, ಶಟರ್ ತೆಗೆಯುವ ಮುಂಚೆ' ಅಂತ ಬರೆದರೆ ಅದರ ಕಥೆ ಅಲ್ಲಿಗೆ ಮುಗಿಯಿತು. ಎರಡು ಗಂಟೆಗೆ ಎಚ್ಚರವಾದರೂ ಅದರ ಬಗ್ಗೆ ಯೋಚಿಸಲು ಏನೂ ಉಳಿದಿರುವುದಿಲ್ಲ.

ಇದನ್ನು ಫೋನಿನಲ್ಲೇ ಬರೆದರಾಗದಾ ಅಂತ ಮಗಳು ಕೇಳುತ್ತಾಳೆ. ನಾನೂ ಮಾಡಿ ನೋಡಿದ್ದೇನೆ. ನೋಟ್ಸ್ ತೆಗೆಯಲು ಹೋದರೆ ಮೇಲೆ ಸ್ಟಾಕಿಸ್ಟ್ ಗ್ರೂಪಿನ ಮೆಸೇಜು. ಅದನ್ನು ನೋಡಿ ಹೊರಬಂದರೆ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್ ಜಗಳ. ಐದು ನಿಮಿಷ ಅಂತ ಹಿಡಿದ ಫೋನು ಮುಕ್ಕಾಲು ಗಂಟೆ ಕೈಯಲ್ಲಿರುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಕಾರಣ.

ನನಗೆ ಇನ್ನೊಂದು ಕಾರಣ ಇದೆ. ಫೋನಿನಲ್ಲಿ ನಾನು ಕನ್ನಡ ಬರೆಯುವುದು ಇಂಗ್ಲಿಷ್ ಅಕ್ಷರ ಒತ್ತಿ. ಬಹಳ ಜನ ಹಾಗೇ ಬರೆಯುತ್ತಾರೆ. ಮನಸ್ಸಿನಲ್ಲಿರುವ ಮಾತನ್ನು ಮೊದಲು ಇಂಗ್ಲಿಷಿಗೆ ಒಡೆದು, ಫೋನು ಅದನ್ನು ಮತ್ತೆ ಕನ್ನಡಕ್ಕೆ ಕೂಡಿಸಿ, ಅದು ತೋರಿಸಿದ ಮೂರು ಪದಗಳಲ್ಲಿ ನನಗೆ ಬೇಕಾದ್ದನ್ನು ಆರಿಸಬೇಕು. ಎಷ್ಟೋ ಸಲ ನಾನು ಹೇಳಬೇಕೆಂದಿದ್ದಕ್ಕಿಂತ ಅದು ತೋರಿಸಿದ ಪದವೇ ಸಾಕು ಅಂತ ಒತ್ತಿಬಿಡುತ್ತೇನೆ. ಪೆನ್ನು ಹಿಡಿದರೆ ಮಧ್ಯೆ ಯಾರೂ ಇಲ್ಲ. ಮತ್ತೆ ಕನ್ನಡ ಅಕ್ಷರ ಕೈಯನ್ನು ಅವಸರ ಮಾಡಲು ಬಿಡುವುದಿಲ್ಲ. ಸುತ್ತು ಹಾಕಬೇಕು, ತಲೆಕಟ್ಟು ಕೊಡಬೇಕು, ಒತ್ತಕ್ಷರಕ್ಕೆ ಕೆಳಗಿಳಿದು ಮತ್ತೆ ಮೇಲೆ ಬರಬೇಕು. 'ಅಮ್ಮನ ಕ್ರಿಯಾಟಿನಿನ್ ರಿಪೋರ್ಟ್' ಅಂತ ಬರೆಯುವಷ್ಟರಲ್ಲಿ ಕಾಲು ನಿಮಿಷ ಹೋಗಿರುತ್ತದೆ. ಅಷ್ಟು ಹೊತ್ತೂ ಮುಂದಿನ ಚಿಂತೆ ಕಾಯಬೇಕು. ಚಿಂತೆಗಳು ಹಾಸಿಗೆಯ ಮೇಲೆ ಒಟ್ಟಿಗೇ ಬರುತ್ತವೆ. ಕಾಗದದ ಮೇಲೆ ಒಂದಾದ ಮೇಲೆ ಒಂದೇ ಬರಲು ಸಾಧ್ಯ. ನನ್ನ ಮಟ್ಟಿಗೆ ಕೈಬರಹದ ಉಪಕಾರ ಇಷ್ಟೇ. ಕೈ ನಿಧಾನ. ಆ ನಿಧಾನಕ್ಕೆ ಮನಸ್ಸು ಬಗ್ಗಲೇಬೇಕು.

ವಾಟ್ಸಾಪಿನಲ್ಲಿ ಇದರ ಬಗ್ಗೆ ಬರುವ ಫಾರ್ವರ್ಡುಗಳು ಇಷ್ಟಕ್ಕೆ ನಿಲ್ಲುವುದಿಲ್ಲ. ಕೈಯಲ್ಲಿ ಬರೆದರೆ ಮೆದುಳು ಬೆಳಗುತ್ತದೆ, ಡಿಪ್ರೆಶನ್ ಓಡುತ್ತದೆ, ಮರೆವು ಬರುವುದೇ ಇಲ್ಲ ಅಂತೆಲ್ಲ. ಕೆಳಗೆ ಬಣ್ಣಬಣ್ಣದ ಮೆದುಳಿನ ಚಿತ್ರ. ಅದರ ಮೂಲ ಬಹುಶಃ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಆಡ್ರಿ ವಾನ್ ಡರ್ ಮೇರ್ ಅವರ ತಂಡ ಮಾಡಿದ ಕೆಲಸ. 2024ರಲ್ಲಿ ಪ್ರಕಟವಾಯಿತು. 36 ವಿದ್ಯಾರ್ಥಿಗಳ ತಲೆಗೆ 256 ಸೆನ್ಸರಿನ ಟೋಪಿ ಹಾಕಿ, ಪರದೆಯ ಮೇಲೆ ಕಂಡ ಪದವನ್ನು ಡಿಜಿಟಲ್ ಪೆನ್ನಿನಲ್ಲಿ ಬರೆಸಿದರು, ಕೀಬೋರ್ಡಿನಲ್ಲೂ ಒತ್ತಿಸಿದರು. ಬರೆಯುವಾಗ ಮೆದುಳಿನ ಬೇರೆಬೇರೆ ಭಾಗಗಳ ನಡುವೆ ಸಂಪರ್ಕ ಹೆಚ್ಚು ಕಂಡಿತು. ಒಳ್ಳೆಯ ಕೆಲಸವೇ. ಆದರೆ ಆ ಪ್ರಯೋಗದಲ್ಲಿ ಟೈಪ್ ಮಾಡಿಸಿದ್ದು ಒಂದೇ ಬೆರಳಿನಲ್ಲಿ. ಅದೂ ಅಲ್ಲದೆ ಅದು ಕಲಿಕೆಗೆ ಸಂಬಂಧಿಸಿದ ವಿಷಯ. ಯಾರ ಮನಸ್ಸು ಹಗುರವಾಯಿತು ಅಂತ ಅವರು ಅಳೆಯಲೇ ಇಲ್ಲ. ನೆಗಡಿ ಮಾತ್ರೆಯ ಪುರಾವೆ ತೋರಿಸಿ ಮಂಡಿನೋವಿಗೆ ಮಾರುವ ಜನ ನಮ್ಮ ಲೈನಿನಲ್ಲೂ ಇದ್ದಾರೆ. ಹಾಗಾಗಿ ಬೇಗ ಗೊತ್ತಾಗುತ್ತದೆ.

ಮನಸ್ಸಿನ ವಿಷಯಕ್ಕೆ ನೇರವಾಗಿ ಬರುವ ಹಳೆಯ ಕೆಲಸ ಬೇರೆ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಅವರದ್ದು, 1986ರದ್ದು. 46 ಕಾಲೇಜು ವಿದ್ಯಾರ್ಥಿಗಳು. ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆದರು. ಕೆಲವರಿಗೆ ಸುಮ್ನೆ ಯಾವುದೋ ವಿಷಯ ಕೊಟ್ಟರು. ಕೆಲವರಿಗೆ ಬದುಕಿನಲ್ಲಿ ಆದ ದೊಡ್ಡ ಪೆಟ್ಟಿನ ಬಗ್ಗೆ ಬರೆಯಲು ಹೇಳಿದರು. ಏನಾಯಿತು ಅನ್ನುವುದನ್ನೂ, ಆಗ ಹೇಗನ್ನಿಸಿತು ಅನ್ನುವುದನ್ನೂ ಸೇರಿಸಿ ಬರೆದವರಿಗೆ ಬರೆದ ಕೂಡಲೇ ಬೇಜಾರು ಜಾಸ್ತಿಯಾಯಿತು, ಬಿಪಿಯೂ ಏರಿತು. ಆದರೆ ಮುಂದಿನ ಆರು ತಿಂಗಳಲ್ಲಿ ಕಾಲೇಜಿನ ಆಸ್ಪತ್ರೆಗೆ ಅವರೇ ಕಡಿಮೆ ಹೋದರು. ಆಮೇಲೆ ಜಗತ್ತಿನ ತುಂಬ ಇದನ್ನು ಮಾಡಿ ನೋಡಿದರು. 2006ರಲ್ಲಿ ಜೋಆನ್ ಫ್ರಾಟರೋಲಿ ಅನ್ನುವವರು 146 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಉಪಯೋಗ ಇದೆ, ಆದರೆ ಚಿಕ್ಕದು ಅಂತ ಬಂತು. ಚಿಕ್ಕದು ಅನ್ನುವ ಮಾತನ್ನು ಫಾರ್ವರ್ಡುಗಳು ಹೇಳುವುದಿಲ್ಲ. ನಾನು ಹೇಳುತ್ತೇನೆ. ದುಡ್ಡಿಲ್ಲದೆ ಸಿಗುವ ಚಿಕ್ಕ ಉಪಯೋಗವನ್ನು ಬೇಡ ಅನ್ನುವಷ್ಟು ದೊಡ್ಡವನು ನಾನಲ್ಲ.

ಇನ್ನೂ ಒಂದು ಚಿಕ್ಕ ಪ್ರಯೋಗ ಇದೆ. 1999ರದ್ದು, ಬ್ರೂಯಿನ್ ಮತ್ತು ಲೆನಾರ್ಡ್ ಅವರದ್ದು. ಕಷ್ಟದ ನೆನಪೊಂದನ್ನು ಕೆಲವರು ಕೈಯಲ್ಲಿ ಬರೆದರು, ಕೆಲವರು ಟೈಪ್ ಮಾಡಿದರು. ಕೈಯಲ್ಲಿ ಬರೆದವರಿಗೆ ಸಂಕಟ ಜಾಸ್ತಿ ಆಯಿತು. ಮನಸ್ಸು ಬಿಚ್ಚಿಟ್ಟಿದ್ದೂ ಜಾಸ್ತಿ ಅಂತ ಅವರೇ ಹೇಳಿಕೊಂಡರು. ಅಂದರೆ ಕೈಬರಹ ಆರಾಮ ಕೊಡುತ್ತದೆ ಅನ್ನುವುದು ಪೂರ್ತಿ ಸರಿಯಲ್ಲ. ಮೊದಲು ಅದು ನೋವಿಗೆ ಹತ್ತಿರ ಕರೆದುಕೊಂಡು ಹೋಗುತ್ತದೆ. ಇದನ್ನು ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಅಷ್ಟರಲ್ಲಿ ನಾನೂ ಒಂದು ಸಲ ಅಲ್ಲಿಗೆ ಹೋಗಿ ಬಂದಿದ್ದೆ.

2021ರ ಮೇ ತಿಂಗಳು. ಕೊರೊನಾದ ಎರಡನೇ ಅಲೆ. ಊರೆಲ್ಲ ಬಾಗಿಲು ಹಾಕಿದಾಗ ನಾವು ಬಾಗಿಲು ತೆಗೆದು ಕೂತಿದ್ದೆವು. ಕೌಂಟರಿಗೆ ಹಗ್ಗ ಕಟ್ಟಿ, ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟಿದ್ದೆವು. ಕೊರೊನಾಕ್ಕೆ ಕೊಡುತ್ತಿದ್ದ ರೆಮ್‌ಡಿಸಿವಿರ್ ಇಂಜೆಕ್ಷನ್ ನಮ್ಮಂಥ ಅಂಗಡಿಯಲ್ಲಿ ಸಿಗುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಬಂದು ಕೇಳುತ್ತಿದ್ದರು. ಒಬ್ಬ ಹುಡುಗ ಬಂದ. ಯಾವುದೋ ಬಿಲ್ಲಿನ ಹಿಂದೆ ಇಂಜೆಕ್ಷನ್ನಿನ ಹೆಸರು ಬರೆದಿತ್ತು. ಅವಸರದಲ್ಲಿ ನಿಂತುಕೊಂಡು ಬರೆದದ್ದು, ಕೊನೆಯ ಅಕ್ಷರಗಳು ಕೆಳಗೆ ಜಾರಿದ್ದವು. ನಾನು ಇಲ್ಲ ಅಂದೆ. ಎಲ್ಲಿ ಸಿಗಬಹುದು ಅಂದ. ನನಗೆ ಗೊತ್ತಿದ್ದ ಎರಡು ನಂಬರ್ ಕೊಟ್ಟೆ. ಆ ನಂಬರುಗಳಿಗೆ ಬೆಳಗ್ಗೆಯಿಂದ ಯಾರೂ ಉತ್ತರ ಕೊಡುತ್ತಿರಲಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಅವನು ಚೀಟಿಯನ್ನು ಹರಿಯಲಿಲ್ಲ, ಬಿಸಾಕಲಿಲ್ಲ. ನೀಟಾಗಿ ನಾಲ್ಕು ಮಡಿಕೆ ಮಾಡಿ ಶರ್ಟಿನ ಜೇಬಿಗೆ ಇಟ್ಟುಕೊಂಡು ಬೈಕ್ ಹತ್ತಿದ.

ಆ ಮಡಿಕೆ ನನ್ನನ್ನು ಬಿಡಲಿಲ್ಲ. ಅಂಥವರು ದಿನಾ ಬರುತ್ತಿದ್ದರು. ಆದರೆ ನೆನಪು ಇವನ ಮೇಲೇ ಕೂತುಬಿಟ್ಟಿತು. ವರ್ಷ ಕಳೆದ ಮೇಲೂ ಎರಡು ಗಂಟೆಯ ಲೆಕ್ಕದಲ್ಲಿ ಜಿಎಸ್‌ಟಿಯ ಪಕ್ಕದಲ್ಲಿ ಅವನೂ ಬರುತ್ತಿದ್ದ. ಪಟ್ಟಿ ಬರೆದರೆ ಹೋಗುವ ಚಿಂತೆ ಇದಲ್ಲ. ನಾಳೆ ಅದಕ್ಕೆ ಮಾಡುವ ಕೆಲಸವೇ ಇಲ್ಲವಲ್ಲ.

ಡಾಕ್ಟರನ್ನು ಕೇಳಿದೆ. ಬರಿ, ಆದರೆ ನಾಲ್ಕು ದಿನ ಮಾತ್ರ ಅಂದರು. ಅಂಗಡಿಯ ಶಟರ್ ಅರ್ಧ ಇಳಿಸಿ, ಎಂಆರ್ (ಔಷಧಿ ಕಂಪನಿಯ ಪ್ರತಿನಿಧಿ) ಕೊಟ್ಟ ಹಳೆಯ ಡೈರಿ ತೆಗೆದು ಬರೆದೆ. ಮೊದಲ ದಿನ ಎಲ್ಲ ಬೈಗುಳ. ಸರ್ಕಾರಕ್ಕೆ, ಬ್ಲಾಕಿನಲ್ಲಿ ಮಾರಿದವರಿಗೆ, ನನಗೆ. ಎರಡನೆಯ ದಿನ ಕೈ ನಡುಗಿ ಅಕ್ಷರ ಕೆಟ್ಟುಹೋಯಿತು. ಮನೆಗೆ ಹೋಗಿ ಊಟ ಮಾಡಲಿಲ್ಲ. ಹೆಂಡತಿ ಕೇಳಿದಾಗ ತಲೆನೋವು ಅಂದೆ. ಮೂರನೆಯ ದಿನ ಬರೆಯುತ್ತಾ ಬೇರೆ ವಿಷಯಗಳು ಬಂದವು. ಆ ಹುಡುಗ ಬಂದ ದಿನವೇ ಯಾರಿಗೋ ಆಕ್ಸಿಮೀಟರ್ ಕೊಟ್ಟಿದ್ದೆ. ಯಾರದೋ ಮನೆ ಗೇಟಿಗೆ ಮಾತ್ರೆಯ ಚೀಲ ಸಿಕ್ಕಿಸಿ ಬಂದಿದ್ದೆ. ಇವು ನಡೆದದ್ದು ನನಗೆ ನೆನಪೇ ಇರಲಿಲ್ಲ. ನಾಲ್ಕನೆಯ ದಿನ ಬರೆದದ್ದು ಅರ್ಧ ಪುಟ. ಇಂಜೆಕ್ಷನ್ ಯಾಕೆ ಇರಲಿಲ್ಲ, ಅದು ಎಲ್ಲಿಂದ ಎಲ್ಲಿಗೆ ಹೇಗೆ ಬರುತ್ತಿತ್ತು, ಅದರಲ್ಲಿ ನನ್ನ ಅಂಗಡಿ ಎಲ್ಲಿತ್ತು ಅಂತ. ಸ್ಟಾಕ್ ರಿಪೋರ್ಟ್ ಥರ ಇತ್ತು. ಪೆನ್ನೆಬೇಕರ್ ಆಮೇಲಿನ ಕೆಲಸದಲ್ಲಿ ಇದನ್ನು ಗಮನಿಸಿದ್ದಾರೆ. ದಿನದಿಂದ ದಿನಕ್ಕೆ ಬರಹದಲ್ಲಿ ಕಾರಣ ಹುಡುಕುವ, ಅರ್ಥ ಮಾಡಿಕೊಳ್ಳುವ ಮಾತುಗಳು ಹೆಚ್ಚಿದವರಿಗೇ ಹೆಚ್ಚು ಉಪಯೋಗ ಆಗಿತ್ತಂತೆ. ಅದದೇ ಗೋಳನ್ನು ದಿನಾ ಬರೆದವರಿಗೆ ಆಗಲಿಲ್ಲ.

ಆ ಹುಡುಗ ಈಗಲೂ ನೆನಪಾಗುತ್ತಾನೆ. ಹಗಲು ನೆನಪಾಗುತ್ತಾನೆ. ರಾತ್ರಿ ಎಬ್ಬಿಸುವುದಿಲ್ಲ.

ಇದನ್ನೆಲ್ಲ ನೋಡಿ ನಮ್ಮಮ್ಮನಿಗೆ ನಗು. ಅವರು ಇದರಲ್ಲಿ ನನಗಿಂತ ಬಹಳ ಸೀನಿಯರ್. ಅಪ್ಪ ಹೋದ ವರ್ಷದಿಂದ ರಾಮಕೋಟಿ ಬರೆಯುತ್ತಿದ್ದಾರೆ. ಚೌಕಚೌಕದ ಮನೆ ಅಚ್ಚಾದ ಪುಸ್ತಕ ಸಿಗುತ್ತದಲ್ಲ, ಒಂದೊಂದು ಮನೆಯಲ್ಲಿ ಒಂದೊಂದು ಶ್ರೀರಾಮ. ಮಧ್ಯಾಹ್ನ ಊಟ ಆಗಿ, ಪಾತ್ರೆ ಎತ್ತಿಟ್ಟು, ಜಗಲಿಯಲ್ಲಿ ಕಾಲು ಚಾಚಿ ಕೂತು ಬರೆಯುತ್ತಾರೆ. ಕನ್ನಡಕ ಮೂಗಿನ ತುದಿಗೆ. ಬಾಯಿ ಮುಚ್ಚಿರುತ್ತದೆ, ಗಂಟಲು ಮಾತ್ರ ಅಲ್ಲಾಡುತ್ತಿರುತ್ತದೆ. ಒಂದು ಕೋಟಿ ಅಂದರೆ ಸುಮ್ನೆ ಅಲ್ಲ. ದಿನಕ್ಕೆ ಸಾವಿರ ಬರೆದರೂ 10,000 ದಿನ, ಅಂದರೆ 27 ವರ್ಷಕ್ಕೂ ಜಾಸ್ತಿ. ಒಮ್ಮೆ ಈ ಲೆಕ್ಕ ಹಾಕಿ ತೋರಿಸಿದೆ. 'ಮುಗಿಸೋಕೆ ಯಾರು ಬರೀತಾರೆ' ಅಂದರು.

ಅಮ್ಮನದು ಭಕ್ತಿ, ಅದನ್ನು ನಾನು ಥೆರಪಿ ಅಂತ ಕರೆಯಲು ಹೋಗುವುದಿಲ್ಲ. ಆದರೆ ಔಷಧಿಯವನ ಕಣ್ಣು ಸುಮ್ಮನಿರಬೇಕಲ್ಲ. ದಿನಾ ಒಂದೇ ಹೊತ್ತು, ಒಂದೇ ಜಾಗ, ಕೈಗೊಂದು ಕೆಲಸ, ಮನಸ್ಸಿಗೆ ಒಂದೇ ಹೆಸರು. ಅಪ್ಪ ಹೋದ ಮೇಲೆ ಮಧ್ಯಾಹ್ನದ ಹೊತ್ತೇ ಅವರಿಗೆ ಕಷ್ಟ ಆಗಿತ್ತು. ಅಪ್ಪ ಆ ಹೊತ್ತಿಗೆ ಪೇಪರ್ ಓದಿ ಹೇಳುತ್ತಿದ್ದರು. ಆ ಖಾಲಿ ಗಂಟೆಗೆ ಅಮ್ಮ ತಾವೇ ಕೆಲಸ ಹುಡುಕಿಕೊಂಡರು. ಯಾವ ಸಂಶೋಧನೆಯನ್ನೂ ಓದಿ ಅಲ್ಲ.

ಈಗ ಅಡ್ಡ ಪರಿಣಾಮದ ಮಾತು. ಪ್ರತಿ ಸ್ಟ್ರಿಪ್ಪಿನ ಹಿಂದೆ ಇರುವಂತೆ ಇದಕ್ಕೂ ಇದೆ. ಬರೆಯುತ್ತಾ ಬರೆಯುತ್ತಾ ಅದೇ ಸಂಕಟದಲ್ಲಿ ಸುತ್ತುತ್ತಿದ್ದರೆ, ಬರೆದಷ್ಟೂ ಎದೆ ಭಾರವಾಗುತ್ತಿದ್ದರೆ ನಿಲ್ಲಿಸಬೇಕು. ಇದು ನನ್ನ ಮಾತಲ್ಲ. ಬರೆಯುವಾಗ ತಡೆಯಲಾಗದಷ್ಟು ಕುಸಿಯುತ್ತೇನೆ ಅನ್ನಿಸಿದರೆ ಬರೆಯಲೇಬೇಡಿ ಅಂತ ಪೆನ್ನೆಬೇಕರೇ ಹೇಳುತ್ತಾರೆ. ಪೆಟ್ಟು ತೀರಾ ಹೊಸದಾಗಿದ್ದರೂ ಆತುರ ಬೇಡ. ಮತ್ತೆ ಡಾಕ್ಟರು ಕೊಟ್ಟ ಮಾತ್ರೆಯನ್ನು ನಿಲ್ಲಿಸಿ ನೋಟ್‌ಬುಕ್ ಹಿಡಿಯಬೇಡಿ. ಅದರಲ್ಲೂ ಬಹಳ ದಿನ ತೆಗೆದುಕೊಂಡ ಅಲ್‌ಪ್ರಜೋಲಮ್‌ನಂಥ ಮಾತ್ರೆಯನ್ನು ದಿಢೀರ್ ಅಂತ ಬಿಡಬಾರದು, ಡಾಕ್ಟರು ಹೇಳಿದಂತೆ ಇಳಿಸುತ್ತಾ ಬರಬೇಕು. ಕೌಂಟರಿನಲ್ಲಿ ಇದನ್ನು ಹೇಳಿ ಹೇಳಿ ಸಾಕಾಗಿದೆ. ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ ಪೆನ್ನು ಅಲ್ಲಿಟ್ಟು ಫೋನು ತೆಗೆದುಕೊಳ್ಳಿ. ಟೆಲಿ ಮಾನಸ್ ನಂಬರು 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ನಾನು ರಿಜಿಸ್ಟರಿನ ಪಕ್ಕದ ಗೋಡೆಗೆ ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ್ದೇನೆ. ಕೆಲವರು ಏನೂ ಕೇಳದೆ ಫೋಟೋ ತೆಗೆದುಕೊಂಡು ಹೋಗುತ್ತಾರೆ.

ಎಲ್ಲರಿಗೂ ಕೈಬರಹ ಒಗ್ಗುವುದಿಲ್ಲ ಅನ್ನುವುದೂ ನಿಜ. ಅಕ್ಷರ ಚೆನ್ನಾಗಿಲ್ಲ ಅಂತ ಸ್ಕೂಲಿನಲ್ಲಿ ಗೆಣ್ಣಿಗೆ ಏಟು ತಿಂದವರಿದ್ದಾರೆ. ನೂರು ಸಲ ಇಂಪೊಸಿಷನ್ ಬರೆದು ಬೆರಳು ಊದಿಸಿಕೊಂಡವರಿದ್ದಾರೆ. ನಮ್ಮ ಅಂಗಡಿಯ ಹುಡುಗ ಅಂಥವನು. ಸೊಗಸಾಗಿ ಲೆಕ್ಕ ಮಾಡುತ್ತಾನೆ, ಪೆನ್ನು ಕೊಟ್ಟರೆ ಬೆವರುತ್ತಾನೆ. ಅವನಿಗೆ ಬರಿ ಅನ್ನುವುದು ಶಿಕ್ಷೆಯೇ. ಅವನು ರಾತ್ರಿ ಬೈಕಿನಲ್ಲಿ ತುಂಗೆಯ ಸೇತುವೆವರೆಗೆ ಹೋಗಿ ಬರುತ್ತಾನಂತೆ. ಅದು ಅವನ 0-0-1. ಸಂಧಿವಾತದಿಂದ ಬೆರಳು ಮಡಚಲಾಗದವರಿಗೂ ಇದು ಬೇಡ. ಯಾರ ಹತ್ತಿರವಾದರೂ ಬಾಯಿಬಿಟ್ಟು ಹೇಳಿಕೊಂಡರೆ ಸಾಕು.

ಇನ್ನೊಂದು ಗುಂಪು ಇದೆ. ಅಕ್ಷರ ನೋಡಿ ಸ್ವಭಾವ ಹೇಳುತ್ತೇವೆ, ಸಹಿಯ ಗೆರೆಯನ್ನು ಮೇಲಕ್ಕೆ ಎಳೆದರೆ ಅದೃಷ್ಟ ಬದಲಾಗುತ್ತದೆ ಅನ್ನುವವರು. ಅದಕ್ಕೆ ಫೀಸು ಬೇರೆ. ಸ್ವಭಾವ ಹೇಳುವ ಆ ವಿದ್ಯೆಗೆ ಗಟ್ಟಿ ಪುರಾವೆ ಇಲ್ಲ. ಅಕ್ಷರ ಹೇಳುವ ನಿಜವಾದ ಸುದ್ದಿಗಳು ಕೆಲವಿವೆ, ಅವು ದೇಹದ ಸುದ್ದಿಗಳು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಅಕ್ಷರ ಸಾಲು ಹೋದಂತೆ ಚಿಕ್ಕದಾಗುತ್ತಾ ಬರುತ್ತದೆ. ನಮ್ಮ ಕಾಯಂ ಗಿರಾಕಿಯೊಬ್ಬರ ಸಹಿ ಹಾಗೆ ಕುಗ್ಗುತ್ತಾ ಬಂದದ್ದನ್ನು ಕಂಡು, ನರದ ಡಾಕ್ಟರಿಗೆ ಒಮ್ಮೆ ತೋರಿಸಿ ಅಂದಿದ್ದೆ. ಅದೃಷ್ಟದ ಬಗ್ಗೆ ನನಗೇನೂ ಕಾಣಲಿಲ್ಲ.

ಯಾವ ಪೆನ್ನು, ಯಾವ ಪುಸ್ತಕ ಅಂತ ಕೇಳುವವರಿಗೆ ನನ್ನ ಉತ್ತರ ನಿರಾಸೆ ಮಾಡುತ್ತದೆ. ಚರ್ಮದ ಬೈಂಡಿನ ದುಬಾರಿ ಜರ್ನಲ್ ನನಗೊಬ್ಬರು ಉಡುಗೊರೆ ಕೊಟ್ಟರು. ಅದರಲ್ಲಿ ಬರೆಯಲು ಕೂತರೆ ಒಳ್ಳೊಳ್ಳೆ ವಾಕ್ಯ ಬರೆಯಬೇಕು ಅನ್ನಿಸುತ್ತದೆ. 'ಹಾಲಿನವನಿಗೆ ಬಾಕಿ, ಮಗಳ ಬಸ್ ಪಾಸ್, ಆ ಸೇಲ್ಸ್‌ಮನ್ ಮೇಲೆ ಯಾಕೆ ಸಿಟ್ಟು ಬಂತು' ಅಂತ ಅದರಲ್ಲಿ ಹೇಗೆ ಬರೆಯುವುದು? ಮಗಳಿಗೆ ಕೊಟ್ಟುಬಿಟ್ಟೆ. ನನಗೆ ಎಂಆರ್‌ಗಳು ಕೊಟ್ಟ ಹಳೆಯ ಪ್ಯಾಡುಗಳೇ ಸರಿ. ಪ್ರತಿ ಹಾಳೆಯ ತಲೆಯ ಮೇಲೆ ಯಾವುದೋ ಗ್ಯಾಸ್ಟ್ರಿಕ್ ಮಾತ್ರೆಯ ಜಾಹೀರಾತು. ಅದರ ಕೆಳಗೆ ಯಾರೂ ಸಾಹಿತ್ಯ ಬರೆಯುವುದಿಲ್ಲ. ಪೆನ್ನು ಮಾತ್ರ ಇಂಕಿನದು, ಹಾಳೆಗೆ ಒತ್ತದೆ ಓಡಬೇಕು. ಬಾಲ್ ಪೆನ್ನಿನಲ್ಲಿ ನಾನು ಸಿಟ್ಟಿದ್ದಾಗ ಎಷ್ಟು ಒತ್ತುತ್ತೇನೆ ಅಂದರೆ ಮುಂದಿನ ಎರಡು ಹಾಳೆಗೂ ಅಚ್ಚು ಮೂಡಿರುತ್ತದೆ.

ಬರೆದದ್ದನ್ನು ಏನು ಮಾಡುವುದು ಅನ್ನುವುದು ಬೇರೆ ಪ್ರಶ್ನೆ. ಯಾರಾದರೂ ಓದುತ್ತಾರೆ ಅನ್ನುವ ಭಯ ಇದ್ದರೆ ಕೈ ಸುಳ್ಳು ಬರೆಯಲು ಶುರುಮಾಡುತ್ತದೆ. ಮನೆ ಚಿಕ್ಕದು, ಕಪಾಟಿಗೆ ಬೀಗ ಹಾಕಿದರೆ ಅದೇ ಇನ್ನೊಂದು ಸುದ್ದಿ. ಹಾಗಾಗಿ ನಾನು ಇಟ್ಟುಕೊಳ್ಳುವುದಿಲ್ಲ. ತಿಂಗಳಿಗೊಮ್ಮೆ ಅಮ್ಮ ಇರುವ ಊರಿನ ಮನೆಗೆ ಹೋಗುತ್ತೇನೆ. ಅಲ್ಲಿ ಇನ್ನೂ ಬಚ್ಚಲಲ್ಲಿ ಹಂಡೆ ಒಲೆ ಇದೆ. ಬೆಳಗ್ಗೆ ನೀರು ಕಾಯಿಸುವಾಗ ತಿಂಗಳ ಹಾಳೆಗಳೆಲ್ಲ ಅದಕ್ಕೆ. ಎಚ್1 ರಿಜಿಸ್ಟರನ್ನು ಮೂರು ವರ್ಷ ಇಡಬೇಕು ಅಂತ ಕಾನೂನಿದೆ, ಇದಕ್ಕೆ ಅಂಥದ್ದೇನೂ ಇಲ್ಲ.

ಅಮ್ಮನ ರಾಮಕೋಟಿ ಪುಸ್ತಕಗಳಿಗೆ ಬೇರೆ ಮರ್ಯಾದೆ. ತುಂಬಿದವನ್ನು ಅರಿಶಿನ ಕುಂಕುಮ ಹಚ್ಚಿ ಟ್ರಂಕಿನಲ್ಲಿ ಇಡುತ್ತಾರೆ. ಭದ್ರಾಚಲದ ಕಡೆ ಹೋಗುವವರು ಸಿಕ್ಕರೆ ಕೊಟ್ಟು ಕಳಿಸುತ್ತಾರೆ. ಕಳೆದ ಸಲ ನಾನು ಒಲೆ ಮುಂದೆ ಕೂತು ಹಾಳೆ ತುರುಕುತ್ತಿದ್ದಾಗ ಹಿಂದೆ ಬಂದು ನಿಂತರು. ಏನು ಬರೆದಿದ್ದೀಯ ಅಂತ ಕೇಳಲಿಲ್ಲ.

'ಕಾಗದ ಭುಸ್ ಅಂತ ಉರಿದು ಹೋಗುತ್ತೆ ಕಣೋ, ನೀರು ಕಾಯಲ್ಲ. ಎರಡು ಹಿಡಿ ಅಡಿಕೆ ಸಿಪ್ಪೆ ಹಾಕು' ಅಂದರು.